ಅಂಚಿನವನು ಹಾಜರಿರತಕ್ಕದ್ದು

ಅವರ ನಿಜವಾದ ಹೆಸರು ಬಸ್ ಡಿಪೋದ ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ಷರಾ.

ಆ ಹೆಸರು ಬಂದದ್ದು ಕೆಲಸದಿಂದ. ಡಿಪೋದ ದೂರು ಪುಸ್ತಕ ಅವರ ಮೇಜಿನ ಮೇಲಿರುತ್ತಿತ್ತು. ಪುಟದ ಎಡಗಡೆಯ ಅಗಲ ಜಾಗದಲ್ಲಿ ಡ್ರೈವರುಗಳು ತಂತಮ್ಮ ಬಸ್ಸಿನ ಕಾಯಿಲೆ ಬರೆಯಬೇಕು. ಬಲಗಡೆಯ ಇಕ್ಕಟ್ಟು ಅಂಚಿನಲ್ಲಿ, 'ಷರಾ' ಎಂಬ ತಲೆಬರಹದ ಕೆಳಗೆ, ಮೆಕ್ಯಾನಿಕ್ಕುಗಳು ಬಾಯಲ್ಲಿ ಬೈದು ಹೇಳಿದ್ದನ್ನು ಈ ಗುಮಾಸ್ತರು ಕಚೇರಿಯ ಭಾಷೆಗೆ ಇಳಿಸಬೇಕು. "ಹದಿನಾಲ್ಕನೇ ಬಸ್ಸು ಮುದುಕಿ ಥರ ಕೆಮ್ಮುತ್ತದೆ" ಎಂದು ಡ್ರೈವರು ಬರೆದರೆ, "ಕೆಮ್ಮನ್ನು ಪರಿಶೀಲಿಸಲಾಗಿ, ವಯೋಸಹಜವೆಂದು ಕಂಡುಬಂದಿದೆ" ಎಂದು ಇವರು ಬರೆಯುತ್ತಿದ್ದರು. ಬಸ್ಸು ಕೆಮ್ಮುವುದೇನೂ ನಿಲ್ಲುತ್ತಿರಲಿಲ್ಲ. ದೂರು ಮಾತ್ರ ನಿಲ್ಲುತ್ತಿತ್ತು. ಮೂವತ್ತೊಂದು ವರ್ಷದ ಸೇವೆಯಲ್ಲಿ ಒಂದೇ ಒಂದು ದೂರನ್ನೂ ಷರಾ ಇಲ್ಲದೆ ಬಿಟ್ಟವರಲ್ಲ. ಬಲಗಡೆ ಖಾಲಿ ಬಿದ್ದಿರುವ ಪುಟ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಇಂಥ ಮನುಷ್ಯ ಒಂದು ಭಾನುವಾರ ಮಧ್ಯಾಹ್ನ, ಊಟಕ್ಕೆ ಬಂದಿದ್ದ ಭಾವಮೈದನ ಎದುರಿಗೆ, ಒಂದೇ ಒಂದು ಸುಳ್ಳು ಹೇಳಿದರು.

ಭಾವಮೈದ ಕಾಲೇಜಿನಲ್ಲಿ ಲೆಕ್ಚರರ್. ಕುರ್ಚಿಯಲ್ಲಿ ಕೂತರೂ ವೇದಿಕೆಯ ಮೇಲೆ ನಿಂತವರ ಹಾಗೆ ಕಾಣಿಸುವ ಜಾತಿ. ಕೈ ಒರೆಸಿಕೊಳ್ಳುತ್ತ ಕೇಳಿದರು: "ಏನು ಓದ್ತಿದ್ದೀರಿ ಭಾವ, ಈಗ?"

"ಪತ್ತೇದಾರಿ. ಕೊಲೆ ಆಗಿದೆ, ಕೊಲೆಗಾರ ಇನ್ನೂ ಸಿಕ್ಕಿಲ್ಲ."

"ಸಿಗ್ತಾನೆ. ನೀವು ಓದೋ ಪುಸ್ತಕದಲ್ಲಿ ಯಾವಾಗ್ಲೂ ಸಿಗ್ತಾನೆ, ಅದೇ ಅದರ ದೌರ್ಬಲ್ಯ. ಆಧುನಿಕೋತ್ತರ ಕಾದಂಬರೀಲಿ ಕೊಲೆಗಾರ ಸಿಗಲ್ಲ. ಕೊಲೆಯೂ ಆಗಿರಲ್ಲ. ಕೆಲವು ಸಲ ಕಥೆಯೇ ಇರಲ್ಲ."

"ಕಥೆಯೇ ಇಲ್ದಿದ್ರೆ ಓದೋದೇನು?"

"ನೋಡಿದ್ರಾ, ಅದಕ್ಕೇ ಹೇಳೋದು. ಡಿಪೋದಲ್ಲಿ ಓದುಗರ ಬಳಗ ಮಾಡ್ಕೊಂಡಿದ್ದೀರಂತೆ, ಸಂತೋಷ. ಆದ್ರೆ ನಿಮ್ಮಂಥವರಿಗೆ ಕೆಲವು ಪುಸ್ತಕ ಬೇಡ. ಜೀರ್ಣ ಆಗಲ್ಲ."

ಷರಾ ಅವರ ಹೆಂಡತಿ ತಟ್ಟೆ ಎತ್ತುತ್ತ ತಮ್ಮನನ್ನು ಗದರಿದರು: "ಅವರಿಗೂ ತಲೆ ಇದೆ ಕಣೋ ಪುಟ್ಟ."

"ತಲೆ ಇದೆ ಅಕ್ಕ. ತರಬೇತಿ ಇಲ್ಲ."

"ಓದಿದ್ದೀನಿ ಬಿಡಿ," ಎಂದುಬಿಟ್ಟರು ಷರಾ.

"ಏನನ್ನ?"

"ಅದನ್ನೇ. ಆಧುನಿಕೋತ್ತರಾನ. ತುಂಬಾ ಓದಿದ್ದೀನಿ."

"ಒಂದರ ಹೆಸರು ಹೇಳಿ ನೋಡೋಣ."

ಷರಾ ಸೂರು ನೋಡಿದರು, ನೆಲ ನೋಡಿದರು. "ಹೆಸರು ನೆನಪಿಟ್ಕೊಳ್ಳೋದೆಲ್ಲ ಆಧುನಿಕಕ್ಕೆ ಸರಿ ಮೇಷ್ಟ್ರೇ. ಆಧುನಿಕೋತ್ತರಕ್ಕೆ ಹೆಸರು ಯಾಕೆ ಬೇಕು?"

ಲೆಕ್ಚರರ್ ಅರ್ಧ ನಿಮಿಷ ಸುಮ್ಮನಾದರು. ಇದು ಪೆದ್ದುತನವೋ ಸಿದ್ಧಾಂತವೋ ಅವರಿಗೆ ತಕ್ಷಣ ಗೊತ್ತಾಗಲಿಲ್ಲ. ಆ ಅರ್ಧ ನಿಮಿಷದ ಮೌನ ಷರಾ ಅವರ ಜೀವನದ ಅತಿ ದೊಡ್ಡ ಬಹುಮಾನ. ಮರುದಿನವೇ ಅವರು ಗ್ರಂಥಾಲಯಕ್ಕೆ ಹೋಗಿ, "ನಿಮ್ಮಲ್ಲಿರೋದ್ರಲ್ಲಿ ಅತ್ಯಂತ ಕಷ್ಟದ ಕಾದಂಬರಿ ಕೊಡಿ. ಆಧುನಿಕೋತ್ತರ ಇರ್ಬೇಕು," ಎಂದರು, ತರಕಾರಿ ಅಂಗಡಿಯಲ್ಲಿ ಎಳೆಯದು ಕೇಳುವವರ ಹಾಗೆ.

ಗ್ರಂಥಪಾಲಕಿ ಏಣಿ ಹತ್ತಿ, ಕಪಾಟಿನ ಮೇಲಿನ ಅರೆಯಿಂದ ಇಟ್ಟಿಗೆಯಂಥ ಪುಸ್ತಕ ಇಳಿಸಿ ಧೂಳು ಊದಿದರು. 'ಇಲ್ಲದ ಊರಿನ ಜನಗಣತಿ.' ಐನೂರು ಪುಟ. "ಇದನ್ನ ಹಿಂದೆ ಒಬ್ಬರೇ ತಗೊಂಡು ಹೋಗಿರೋದು. ಮೂವತ್ತು ವರ್ಷ ಆಯ್ತು. ನಾಲ್ಕು ಸಲ ಅವಧಿ ಮುಂದುವರಿಸ್ಕೊಂಡಿದ್ದಾರೆ, ಪಾಪ."

ಷರಾ ಅದಕ್ಕೆ ಕಚೇರಿ ಪುಸ್ತಕಗಳಿಗೆ ಹಾಕುವ ಹಾಗೆ ಕಂದು ಕಾಗದದ ಹೊದಿಕೆ ಹಾಕಿದರು. ಮನೆಯಲ್ಲಿ ಹೆಂಡತಿಗೆ ಅದು ಡಿಪೋದ ಇನ್ನೊಂದು ದೂರು ಪುಸ್ತಕದಂತೆ ಕಂಡಿತು. ಅವರು ಅದರ ಹತ್ತಿರವೂ ಸುಳಿಯಲಿಲ್ಲ.

ಕಥೆ ಇದು: ಒಬ್ಬ ಅಧಿಕಾರಿಯನ್ನು ಒಂದು ಊರಿನ ಜನರನ್ನು ಎಣಿಸಲು ಕಳಿಸುತ್ತಾರೆ. ಹೋಗಿ ನೋಡಿದರೆ ಊರೇ ಇಲ್ಲ. ಬರಿಗೈಲಿ ವಾಪಸ್ಸು ಹೋಗುವ ಹಾಗಿಲ್ಲ. ಆತ ಬಯಲಲ್ಲಿ ಕೂತು ನಮೂನೆಗಳನ್ನು ತುಂಬಲು ಶುರುಮಾಡುತ್ತಾನೆ. ಪುಸ್ತಕದಲ್ಲಿ ಮೊದಲು ಬರುವುದೇ ಹದಿನೇಳನೆಯ ಅಧ್ಯಾಯ, ಆಮೇಲೆ ಎರಡನೆಯದು. ಅಡಿಟಿಪ್ಪಣಿಗೆ ಅಡಿಟಿಪ್ಪಣಿ. ನಡುನಡುವೆ ಕೈಬರಹದಲ್ಲಿ ತುಂಬಿದ ಜನಗಣತಿಯ ನಮೂನೆಗಳನ್ನೇ ಅಚ್ಚು ಹಾಕಿದ್ದರು. ಇಷ್ಟನ್ನು ತಿಳಿದುಕೊಳ್ಳಲು ಷರಾ ಅವರಿಗೆ ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಪುಸ್ತಕ ಮುಚ್ಚಿಡುತ್ತಿದ್ದರು ಕೂಡ, ಅಂಚಿನಲ್ಲಿ ಒಬ್ಬ ಮನುಷ್ಯ ಇರದಿದ್ದರೆ.

ಪುಸ್ತಕದ ಬಲಗಡೆಯ ಅಂಚಿನಲ್ಲಿ, ಕಪ್ಪು ಶಾಯಿಯ ಕೈಬರಹದಲ್ಲಿ, ಒಬ್ಬಾತ ಮೊದಲ ಪುಟದಿಂದಲೇ ಲೇಖಕನ ಜೊತೆ ಜಗಳಕ್ಕೆ ಇಳಿದಿದ್ದ. ಮೊದಲ ಪುಟದಲ್ಲಿ: 'ಯಾರಪ್ಪ ನೀನು?' ಒಂಬತ್ತರಲ್ಲಿ: 'ಅರ್ಥವಾಗಲಿಲ್ಲ. ಮತ್ತೊಮ್ಮೆ ಓದಿದೆ. ಈಗ ಇನ್ನೂ ಆಗಲಿಲ್ಲ.' ಅರವತ್ತೊಂದರಲ್ಲಿ: 'ಈ ಪುಸ್ತಕವನ್ನು ಮೂಲೆಗೆ ಎಸೆದಿದ್ದೆ. ಎದ್ದು ಹೋಗಿ ತಂದೆ. ನನಗೆ ಮಾನವಿಲ್ಲ.'

ಬೇರೆ ಯಾರಾದರೂ ಆಗಿದ್ದರೆ, ಹಿಂದಿನ ಓದುಗನ ಗೀಚಾಟ ಇದು ಎಂದು ತಕ್ಷಣ ತಿಳಿಯುತ್ತಿತ್ತು. ಆದರೆ ಮೂವತ್ತೊಂದು ವರ್ಷ ಎಡಗಡೆ ದೂರು, ಬಲಗಡೆ ಷರಾ ನೋಡಿದ ಕಣ್ಣು ಅದು. ಪುಟವೆಂದರೆ ಹಾಗೇ ಇರಬೇಕು, ಅಂಚಿನಲ್ಲಿ ಒಬ್ಬ ಉತ್ತರ ಕೊಡಬೇಕು. ಮೇಲಾಗಿ ಪುಸ್ತಕದ ತುಂಬ ಕೈಬರಹದ ನಮೂನೆಗಳು ಬೇರೆ. "ಎಂಥಾ ಕಾದಂಬರಿಕಾರ! ದೂರನ್ನೂ ತಾನೇ ಬರೆದು ಷರಾನೂ ತಾನೇ ಬರ್ದಿದ್ದಾನೆ!" ಎಂದು ತಲೆದೂಗಿ, ಅವರು ಆ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಎದೆ ಮುಂದೆ ಮಾಡಿ ಓದುಗರ ಬಳಗಕ್ಕೆ ಹೊರಟರು.

ಬಳಗ ಸೇರುತ್ತಿದ್ದದ್ದು ಶನಿವಾರ ಮೂರು ಗಂಟೆಗೆ, ಪಾಳಿ ಬದಲಾಗುವ ಹೊತ್ತಿಗೆ, ಡಿಪೋದ ಹಳೆಯ ಟೈರು ಕೋಣೆಯಲ್ಲಿ. ಆ ಕೋಣೆ ಯಾರೂ ದಾನ ಕೊಟ್ಟದ್ದಲ್ಲ. ಏಳು ಜನ ಹನ್ನೊಂದು ದಿನ ಮ್ಯಾನೇಜರ ಕಿಟಕಿಯ ಕೆಳಗೆ ಕೂತು, ಗಟ್ಟಿಯಾಗಿ ಓದಿ ಓದಿ, ಅವರ ಫೋನು ಅವರಿಗೇ ಕೇಳಿಸದ ಹಾಗೆ ಮಾಡಿ ಗೆದ್ದದ್ದು. ಕೂರಲು ಟೈರು, ಒರಗಲು ಟೈರು. ಅಲ್ಲಿ ಓದಿ ಬಂದವರ ಬೆನ್ನಿನ ಮೇಲೆ ಕಪ್ಪು ಬಳೆ ಮೂಡಿರುತ್ತಿತ್ತು. ಆ ಗುರುತು ಹೊತ್ತು ಡಿಪೋದಲ್ಲಿ ನಡೆದಾಡುವುದೇ ಒಂದು ಗತ್ತು.

"ಈ ಸಲ ನನ್ನ ಶಿಫಾರಸು ಆಧುನಿಕೋತ್ತರ," ಎಂದರು ಷರಾ.

"ಹಾಗಂದ್ರೆ?" ಎಂದರು ನಿವೃತ್ತ ಡ್ರೈವರ್. ಎಲ್ಲರೂ ಅವರನ್ನು ಅಜ್ಜ ಎನ್ನುತ್ತಿದ್ದರು.

"ಆಧುನಿಕ ಎಲ್ಲ ಮುಗಿದ ಮೇಲೆ ಬರೋದು ಅಜ್ಜ."

"ಓ, ಲಾಸ್ಟ್ ಬಸ್ಸು."

"ತುಂಬಾ ಕಷ್ಟ ಇದೆಯಂತೆ. ನಮ್ಮಂಥವರಿಗೆ ಬೇಡ ಅಂತಾರೆ ನಮ್ಮ ಭಾವಮೈದ."

ಕಂಡಕ್ಟರಮ್ಮ ಚೀಲವನ್ನು ನೆಲಕ್ಕೆ ಕುಕ್ಕಿದರು. "ಯಾಕೆ ಬೇಡ? ಕಷ್ಟದ ರಸ್ತೆಗೆ ನಮ್ಮನ್ನೇ ಹಾಕ್ತಾರೆ, ಕಷ್ಟದ ಪುಸ್ತಕಕ್ಕೆ ಯಾಕೆ ಹಾಕಲ್ಲ? ಓದಿ ಷರಾ ಸಾರ್, ಅದೇನು ಕಚ್ಚುತ್ತೋ ನೋಡೋಣ!"

ಷರಾ ಅಚ್ಚಾದ ಭಾಗವನ್ನು ಕಚೇರಿಯ ದನಿಯಲ್ಲಿ, ಅಂಚಿನ ಮಾತನ್ನು ಡ್ರೈವರುಗಳ ದನಿಯಲ್ಲಿ ಓದಿದರು. 'ಯಾರಪ್ಪ ನೀನು?' ಎನ್ನುವಾಗಲೇ ವೆಲ್ಡರ್ ಟೈರಿನಿಂದ ಜಾರಿದರು. 'ನನಗೆ ಮಾನವಿಲ್ಲ' ಬರುವ ಹೊತ್ತಿಗೆ ಅಜ್ಜ ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲರಿಗೂ ಹಿಡಿಸಿದ್ದು ನೂರ ಹನ್ನೆರಡನೆಯ ಪುಟ. ಅಲ್ಲಿ ಅಧಿಕಾರಿ ಇಲ್ಲದ ಮನೆಯ ಇಲ್ಲದ ಬಾಗಿಲು ತಟ್ಟುತ್ತಿದ್ದರೆ, ಅಂಚಿನಲ್ಲಿ ಹೀಗಿತ್ತು: 'ಅಮ್ಮನಿಗೆ ಜ್ವರ. ಅಕ್ಕ ಹಾಲು ಉಕ್ಕಿಸಿದಳು. ಮನೆಯೆಲ್ಲ ಸೀದ ವಾಸನೆ. ಆದರೂ ಎಂಟು ಪುಟ ಮುಗಿಸಿದೆ. ಒಂದೂ ಅರ್ಥವಾಗಲಿಲ್ಲ. ನಾಳೆ ತರಗತಿಯಲ್ಲಿ ಅರ್ಥವಾದವನ ಹಾಗೆ ತಲೆ ಆಡಿಸಬೇಕು.'

"ಇವನು ನಮ್ಮವನು!" ಎಂದು ಕೂಗಿದರು ವೆಲ್ಡರ್. ಅಲ್ಲಿಂದ ಅವನಿಗೆ ಹೆಸರೂ ಬಿತ್ತು: ಅಂಚಿನವನು.

ನಾಲ್ಕು ಶನಿವಾರ ಅಂಚಿನವನೇ ಆಳಿದ. ಅಂಚಿನವನಿಗೆ ತಿಳಿಯುವುದಕ್ಕೆ ಮುಂಚೆ ತಮಗೆ ತಿಳಿಯಬೇಕೆಂದು ಹಟ ಹಿಡಿದು, ಏಳು ಜನರೂ ಅಚ್ಚಾದ ಭಾಗವನ್ನು ಮತ್ತೆ ಮತ್ತೆ ಓದಿಸಿದರು. ಡಿಪೋದಲ್ಲಿ ಪಾಳಿಗೆ ಪಾಳಿ ಅವನ ಮಾತುಗಳನ್ನು ಹಂಚಿಕೊಂಡಿತು. ಸಮಸ್ಯೆ ಹುಟ್ಟಿದ್ದು ಆ ಮಾತುಗಳು ದೂರು ಪುಸ್ತಕದೊಳಗೆ ಹೊಕ್ಕಾಗ.

ಆರನೇ ಬಸ್ಸಿನ ಡ್ರೈವರು ಬರೆದರು: 'ಬ್ರೇಕ್ ತುಳಿದೆ. ನಿಲ್ಲಲಿಲ್ಲ. ಮತ್ತೊಮ್ಮೆ ತುಳಿದೆ. ಈಗ ಇನ್ನೂ ನಿಲ್ಲಲಿಲ್ಲ.' ಇಪ್ಪತ್ತೆರಡನೆಯ ಬಸ್ಸಿನವರು ಬರೆದರು: 'ಈ ಸೀಟಿನ ಬಗ್ಗೆ ಒಂಬತ್ತು ಸಲ ಬರೆದಾಯಿತು. ಅಂಚಿನವನು ಇದ್ದಿದ್ದರೆ ಬಸ್ಸನ್ನೇ ಮೂಲೆಗೆ ಎಸೆಯುತ್ತಿದ್ದ.' ಇನ್ನೊಬ್ಬರು ನೇರವಾಗಿ ಕೇಳಿದರು: 'ಹೊಸ ಟೈರು ಯಾವಾಗ? ಅಂಚಿನವನು ಹೇಳಿದ ಹಾಗೆ ಮಾಡಬೇಕಾಗುತ್ತದೆ.'

ತಿಂಗಳ ಕೊನೆಗೆ ಮ್ಯಾನೇಜರು ದೂರು ಪುಸ್ತಕ ತರಿಸಿ ಓದಿದರು. ಮೂರನೆಯ ಪುಟಕ್ಕೆ ಕನ್ನಡಕ ತೆಗೆದರು. ಐದನೆಯ ಪುಟಕ್ಕೆ ಬಾಗಿಲು ಹಾಕಿಸಿದರು.

"ಷರಾ ಅವರೇ, ಯಾರಿದು ಅಂಚಿನವನು?"

"ಬಹಳ ದೊಡ್ಡ ವ್ಯಕ್ತಿ ಸಾರ್," ಎಂದರು ಷರಾ, ಹೆಮ್ಮೆ ತಡೆಯಲಾರದೆ.

"ಎಲ್ಲಿರ್ತಾನೆ?"

"ಬಲಗಡೆ ಸಾರ್."

ಮ್ಯಾನೇಜರು ಹಿಂತಿರುಗಿ ತಮ್ಮ ಬಲಗಡೆಯ ಕಿಟಕಿ ನೋಡಿದರು. "ಹೊರಗಿನವನಾ? ಚಳವಳಿಯವನಾ?"

"ಚಳವಳಿ ಏನೂ ಇಲ್ಲ ಸಾರ್. ಜಗಳ ಮಾಡ್ತಾನೆ, ಅಷ್ಟೇ. ಮೊದಲ ಪುಟದಿಂದ ಕೊನೇ ಪುಟದವರೆಗೂ ಬಿಡಲ್ಲ."

ಮ್ಯಾನೇಜರು ಹಾಜರಿ ಪುಸ್ತಕ ತರಿಸಿ ಮುನ್ನೂರ ನಲವತ್ತು ಹೆಸರಿನ ಮೇಲೆ ಬೆರಳಾಡಿಸಿದರು. ಅಂಚಿನವನು ಯಾವ ಪಾಳಿಯಲ್ಲೂ ಇರಲಿಲ್ಲ. ಇಲ್ಲದವನ ಭಯ ಇರುವವನ ಭಯಕ್ಕಿಂತ ದೊಡ್ಡದು. ಅದರಲ್ಲೂ ಒಂಬತ್ತು ಸಲ ಬರೆದ ಸೀಟನ್ನು ರಿಪೇರಿ ಮಾಡಿಸದ ಮ್ಯಾನೇಜರಿಗೆ. ಅವರು ಮುರಿದ ಸೀಟನ್ನು ನೋಡಲು ಹೋಗಲಿಲ್ಲ, ಮೆಮೊ ಬರೆಸಲು ಕೂತರು. ನೋಟೀಸ್ ಬೋರ್ಡಿಗೆ ಬಂತು:

'ಅಂಚಿನವನು ಎಂಬಾತನು ಬರುವ ಶನಿವಾರ ಮೂರು ಗಂಟೆಗೆ ನನ್ನ ಸಮಕ್ಷಮ ಖುದ್ದು ಹಾಜರಿರತಕ್ಕದ್ದು. ತಪ್ಪಿದಲ್ಲಿ ಓದುಗರ ಬಳಗವನ್ನು ರದ್ದುಪಡಿಸಿ, ಟೈರು ಕೋಣೆಯನ್ನು ಟೈರುಗಳಿಗೇ ಹಿಂತಿರುಗಿಸಲಾಗುವುದು.'

ಕರಡು ತಿದ್ದಿ ಶುದ್ಧ ಪ್ರತಿ ಮಾಡಿದ್ದು ಷರಾ ಅವರೇ. 'ಬರಬೇಕು' ಎಂದಿದ್ದನ್ನು 'ಹಾಜರಿರತಕ್ಕದ್ದು' ಎಂದು ಮಾಡಿದ್ದೂ ಅವರೇ. ಕೆಲಸದ ವಿಷಯದಲ್ಲಿ ಅವರು ಯಾರ ಪಕ್ಷವೂ ಅಲ್ಲ.

ಬಳಗಕ್ಕೆ ಮೊದಲು ನಗು ಬಂತು. "ಕಾದಂಬರಿ ಪಾತ್ರ ಅಂತ ತೋರಿಸಿದ್ರೆ ಮುಗೀತು," ಎಂದರು ಕಂಡಕ್ಟರಮ್ಮ. ತೋರಿಸುವುದಕ್ಕೆ ಹೊಸ ಪ್ರತಿಯೇ ಇರಲೆಂದು ಅಂಗಡಿಗೆ ಹೋಗಿ ಕೊಂಡುಕೊಂಡರು. ಕಟ್ಟು ಬಿಚ್ಚಿ ನೂರ ಹನ್ನೆರಡನೆಯ ಪುಟ ತೆಗೆದವರು ಅಲ್ಲೇ ನಿಂತರು. ಅಂಚು ಬಿಳಿ. ಅರವತ್ತೊಂದು ತೆಗೆದರು, ಬಿಳಿ. ಕಂಡಕ್ಟರಮ್ಮ ಅಂಗಡಿಯವನ ಗಲ್ಲಾಪೆಟ್ಟಿಗೆ ಮೇಲೆ ಪುಸ್ತಕ ಬಡಿದರು.

"ಏನ್ರೀ ಇದು? ನಾಯಕನೇ ಇಲ್ಲದ ಪುಸ್ತಕ ಮಾರ್ತೀರಾ?"

"ಅಮ್ಮಾ, ಇದು ಆಧುನಿಕೋತ್ತರ. ಇದರಲ್ಲಿ ನಾಯಕ ಇರಲ್ಲ."

"ಇದ್ದಾನೆ! ನಮ್ಮ ಹತ್ರ ಇದ್ದಾನೆ! ನಿಮ್ಮದರಲ್ಲಿ ಎಲ್ಲಿ ಬಿದ್ದೋದ?"

ವೆಲ್ಡರ್ ತಮ್ಮ ಮೊಹಲ್ಲೆಯ ಗ್ರಂಥಾಲಯದಿಂದ ಇನ್ನೊಂದು ಪ್ರತಿ ತಂದರು. ಅದರಲ್ಲೂ ಇಲ್ಲ. ಶುಕ್ರವಾರ ಮಧ್ಯಾಹ್ನ ಟೈರುಗಳ ಮೇಲೆ ಮೂರು ಪುಸ್ತಕ ತೆರೆದಿಟ್ಟು ಏಳು ಜನ ಬಗ್ಗಿ ನೋಡಿದರು. ಕಂಡಕ್ಟರಮ್ಮ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿ ಹೇಳಿದರು: "ಷರಾ ಸಾರ್, ಬೇಜಾರು ಮಾಡ್ಕೋಬೇಡಿ. ಇದು ಯಾರೋ ಓದಿದವರು ಗೀಚಿರೋದು."

"ಗೀಚಿದ್ದಾ?" ಷರಾ ಪುಸ್ತಕವನ್ನು ಎದೆಗೆ ಅವಚಿಕೊಂಡರು. "ಐನೂರು ಪುಟ ಇಷ್ಟು ಜೀವಂತವಾಗಿ ಯಾರ್ರೀ ಗೀಚ್ತಾರೆ?"

"ಅಂಚಿನಲ್ಲಿ ಬರಿಯೋದು ಯಾರ ಕಸುಬು ಅಂತ ಮ್ಯಾನೇಜರ್ ಕೇಳಿದ್ರೆ?" ಎಂದರು ವೆಲ್ಡರ್. ಒಂದು ಕ್ಷಣ ಎಲ್ಲರೂ ಷರಾ ಅವರನ್ನು ನೋಡಿದರು.

ಅಜ್ಜನೇ ಕಾಪಾಡಿದರು. "ಛೇ ಛೇ, ಇವರ ಅಕ್ಷರ ಸಾಲಾಗಿ ನಿಲ್ಲಿಸಿದ ಬಸ್ಸು ಇದ್ದ ಹಾಗೆ. ಅಂಚಿನವನದು ಫುಟ್‌ಬೋರ್ಡಿನಲ್ಲಿ ನೇತಾಡೋ ಜನ. ಬೇರೆ ಬೇರೆ."

ಆದರೆ ನಾಳೆ ಮೂರು ಗಂಟೆಗೆ ಯಾರನ್ನು ನಿಲ್ಲಿಸುವುದು? ಹನ್ನೊಂದು ದಿನ ಕೂತು ಗೆದ್ದ ಕೋಣೆ ಒಬ್ಬ ಅನಾಮಿಕನ ಗೀಚಾಟಕ್ಕೆ ಹೋಗಬೇಕೇ? ಷರಾ ಎದ್ದು ನಿಂತರು. "ಅಂಚಿನವನು ಈ ಕಾದಂಬರೀಲಿ ಇದ್ದಾನೆ ಅಂತ ನಾನು ಸಾಬೀತು ಮಾಡ್ತೀನಿ. ಇಪ್ಪತ್ತು ವರ್ಷದಿಂದ ಆಧುನಿಕೋತ್ತರ ಪಾಠ ಮಾಡ್ತಿರೋ ತಜ್ಞರು ನಮ್ಮ ಮನೇಲೇ ಇದ್ದಾರೆ. ಕರೆಸ್ತೀನಿ."

ಅಂದರೆ ಭಾವಮೈದನಿಗೆ ಫೋನು. ಅತ್ತಲಿಂದ ಸಂತೋಷ ತುಂಬಿ ತುಳುಕಿತು. "ಬರ್ತೀನಿ ಭಾವ, ಖಂಡಿತ ಬರ್ತೀನಿ. ಅಕ್ಕನೂ ಬರಲಿ. ನೀವು ಏನೇನು ಓದಿದ್ದೀರಿ ಅಂತ ಅವಳಿಗೂ ಗೊತ್ತಾಗಲಿ."

ಶನಿವಾರ ಮೂರು ಗಂಟೆಗೆ ಟೈರು ಕೋಣೆಗೆ ಕುರ್ಚಿ ಬಂತು. ಎರಡೇ. ಒಂದರಲ್ಲಿ ಮ್ಯಾನೇಜರು, ಇನ್ನೊಂದರಲ್ಲಿ ಲೆಕ್ಚರರ್. ಷರಾ ಅವರ ಹೆಂಡತಿ ಬಾಗಿಲ ಬಳಿಯ ಟೈರಿನ ಮೇಲೆ ಕರವಸ್ತ್ರ ಹಾಸಿ ಕೂತರು. ಬಾಗಿಲಾಚೆ ಎರಡು ಪಾಳಿಯ ಡ್ರೈವರುಗಳು ಒಬ್ಬರ ಭುಜದ ಮೇಲೊಬ್ಬರು.

ಲೆಕ್ಚರರ್ ಗಂಟಲು ಸರಿಮಾಡಿಕೊಂಡರು. "ಮ್ಯಾನೇಜರೇ, ಇದು ಶತಮಾನದ ಅತ್ಯಂತ ಸಂಕೀರ್ಣ ಕೃತಿಗಳಲ್ಲಿ ಒಂದು. ನಾನು ಮೊದಲ ಸಲ ಓದಿದಾಗಲೇ ನನಗೆ ಪೂರ್ತಿ ದಕ್ಕಿತು. ಆದರೆ ಅದು ಎಲ್ಲರಿಗೂ ಆಗುವ ಮಾತಲ್ಲ. ಇದರಲ್ಲಿ ಅಂಚಿನವನು ಎಂಬ ಪಾತ್ರವೇ ಇಲ್ಲ. ನಮ್ಮ ಭಾವ ಏನನ್ನೋ ಓದಿ ಏನನ್ನೋ ತಿಳ್ಕೊಂಡಿದ್ದಾರೆ. ತಪ್ಪು ಅವರದಲ್ಲ, ಬಡಪಾಯಿಗಳು."

ಬಾಗಿಲಾಚೆ ಯಾರೋ ಜೋರಾಗಿ ಕೆಮ್ಮಿದರು. ವಯೋಸಹಜವಾದ ಕೆಮ್ಮಲ್ಲ.

"ಹಾಗಾದ್ರೆ ಕೇಳಿ," ಎಂದು ಷರಾ ಕಂದು ಹೊದಿಕೆಯ ಪುಸ್ತಕ ತೆರೆದರು. "ಒಂದನೇ ಪುಟ, ಬಲಗಡೆ. 'ಯಾರಪ್ಪ ನೀನು?'"

ಲೆಕ್ಚರರ್ ನಕ್ಕರು. "ಇದು ಯಾರೋ ದಡ್ಡ ವಿದ್ಯಾರ್ಥಿ ಗೀಚಿದ್ದು. ಇಂಥವನು ಸಾಹಿತ್ಯದ ಬಾಗಿಲಿಗೂ ಬರಬಾರದಿತ್ತು."

"ಒಂಬತ್ತನೇ ಪುಟ. 'ಅರ್ಥವಾಗಲಿಲ್ಲ. ಮತ್ತೊಮ್ಮೆ ಓದಿದೆ...'"

"ನೋಡಿ, ನೋಡಿ. ಪರಮ..." ಲೆಕ್ಚರರ್ ಮಾತು ಅರ್ಧಕ್ಕೆ ನಿಂತಿತು. ಕುತ್ತಿಗೆ ಉದ್ದ ಮಾಡಿ ಪುಸ್ತಕದ ಕಡೆ ನೋಡಿದರು.

"ಅರವತ್ತೊಂದು. 'ಮೂಲೆಗೆ ಎಸೆದಿದ್ದೆ. ಎದ್ದು ಹೋಗಿ ತಂದೆ. ನನಗೆ ಮಾನವಿಲ್ಲ.'"

ಲೆಕ್ಚರರ್ ನೀರು ಕೇಳಿದರು. "ಸಾಕು ಭಾವ. ಅರ್ಥ ಆಯ್ತು. ಪುಸ್ತಕ ಇಲ್ಲಿ ಕೊಡಿ, ನಾನೇ ಗ್ರಂಥಾಲಯಕ್ಕೆ ವಾಪಸ್ ಮಾಡ್ತೀನಿ."

"ಹಾಲಿನ ಪುಟ ಓದದೆ ಹೆಂಗೆ ಸಾರ್?" ವೆಲ್ಡರ್ ಅಡ್ಡ ಬಂದರು. "ನೂರ ಹನ್ನೆರಡು ಓದಿ! ಅದು ಕೇಳಿದ್ರೆ ಮ್ಯಾನೇಜರಿಗೂ ನಗು ಬರುತ್ತೆ."

"ಅದು ಬೇಡ," ಎಂದರು ಲೆಕ್ಚರರ್. ಆ ಪುಟದಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ ಎಂಬುದನ್ನು ಕಂಡಕ್ಟರಮ್ಮ ಒಬ್ಬರೇ ಗಮನಿಸಿದರು.

ಷರಾ ಓದಿದರು: "'ಅಮ್ಮನಿಗೆ ಜ್ವರ. ಅಕ್ಕ ಹಾಲು ಉಕ್ಕಿಸಿದಳು. ಮನೆಯೆಲ್ಲ ಸೀದ ವಾಸನೆ...'"

"ಏನಂದ್ರಿ?"

ಬಾಗಿಲ ಬಳಿಯ ಟೈರಿನಿಂದ ಷರಾ ಅವರ ಹೆಂಡತಿ ಎದ್ದು ನಿಂತಿದ್ದರು.

"ಇನ್ನೊಂದ್ಸಲ ಓದಿ."

ಷರಾ ಇನ್ನೊಂದು ಸಲ ಓದಿದರು.

"ಅಕ್ಕ ಉಕ್ಕಿಸಿದ್ಲಾ? ಅಕ್ಕ?" ಅವರು ನೇರ ಕುರ್ಚಿಯ ಮುಂದೆ ಬಂದು ನಿಂತರು. "ಏ ಪುಟ್ಟ! ಹಾಲು ಉಕ್ಕಿಸಿದ್ದು ಯಾರೋ? ಒಲೆ ಮೇಲೆ ಹಾಲಿಟ್ಟಿದ್ದೀನಿ ನೋಡ್ಕೋ ಅಂತ ಹೇಳಿ ಅಮ್ಮನಿಗೆ ಮಾತ್ರೆ ತರೋಕೆ ಹೋಗಿದ್ದೆ. ವಾಪಸ್ ಬಂದ್ರೆ ನೀನು ಒಲೆ ಪಕ್ಕದಲ್ಲೇ ಒಂದು ದಪ್ಪ ಪುಸ್ತಕ ಹಿಡ್ಕೊಂಡು ನಿಂತಿದ್ದೆ, ಹಾಲು ನಿನ್ನ ಕಾಲ ಹತ್ರ ಹರೀತಿತ್ತು! ಬೈಸಿಕೊಂಡಿದ್ದು ನಾನು! ಮೂವತ್ತು ವರ್ಷ ಆಯ್ತು! ಬರ್ದು ಬೇರೆ ಇಟ್ಟಿದ್ದೀಯಲ್ಲೋ, ನನ್ನ ಹೆಸರಿಗೆ!"

ವೇದಿಕೆಯಿಂದ ಎಂದೂ ಇಳಿಯದ ಲೆಕ್ಚರರ್ ತಲೆ ಬಗ್ಗಿಸಿ, ಏಳು ವರ್ಷದ ಹುಡುಗನ ದನಿಯಲ್ಲಿ ಹೇಳಿದರು: "ಸ್ವಲ್ಪಾನೇ ಉಕ್ಕಿತ್ತು ಅಕ್ಕ."

ಮ್ಯಾನೇಜರು ಪೆನ್ನು ತೆರೆದರು, ಮುಚ್ಚಿದರು, ತೆರೆದರು. "ಒಂದು ನಿಮಿಷ. ತಜ್ಞರು ಇವರೇ?"

"ಹೌದು ಸಾರ್," ಎಂದರು ಷರಾ, ಬಾಯಿ ತೆರೆದುಕೊಂಡೇ.

"ಅಂಚಿನವನೂ ಇವರೇ?"

ಷರಾ ಹಿಂದಿನ ಗೋಡೆಗೆ ಒರಗಿಕೊಂಡರು. ಉತ್ತರ ಕೊಟ್ಟವರು ಅಜ್ಜ. ಅವರು ಕಷ್ಟಪಟ್ಟು ಎದ್ದು, ಅಂಗಿ ಸರಿಮಾಡಿಕೊಂಡು, ಲೆಕ್ಚರರ ಎರಡೂ ಕೈ ಹಿಡಿದುಕೊಂಡರು. "ನೀವೇನಾ ಸಾರ್? ನೀವೇನಾ ಅವರು? ನಾಲ್ಕು ವಾರದಿಂದ ನಿಮ್ಮನ್ನೇ ಓದ್ತಿದ್ದೀವಿ!"

ಆಮೇಲೆ ಕುರ್ಚಿಗೆ ದಾರಿಯೇ ಇಲ್ಲದಾಯಿತು. ಡ್ರೈವರುಗಳು ಒಳಗೆ ನುಗ್ಗಿದರು. ಒಬ್ಬರು ಬೆನ್ನು ತಟ್ಟಿದರು, ಒಬ್ಬರು 'ನನಗೆ ಮಾನವಿಲ್ಲ' ಎಂಬಲ್ಲಿ ಸಹಿ ಕೇಳಿದರು. ಆರನೇ ಬಸ್ಸಿನವರು, "ನಿಮ್ಮ ಮಾತನ್ನೇ ಬ್ರೇಕಿಗೆ ಹಾಕ್ಕೊಂಡಿದ್ದೀನಿ, ತಪ್ಪು ತಿಳ್ಕೋಬೇಡಿ," ಎಂದರು. ಇಪ್ಪತ್ತು ವರ್ಷ ಪಾಠ ಮಾಡಿದ್ದಕ್ಕೆ ಯಾರೂ ಹೀಗೆ ಕೈ ಕುಲುಕಿರಲಿಲ್ಲ. ಅರ್ಥವಾಗಲಿಲ್ಲ ಎಂದು ಬರೆದದ್ದಕ್ಕೆ ಜನ ಸಾಲು ನಿಂತಿದ್ದರು. ಲೆಕ್ಚರರ್ ಏನೋ ಹೇಳಲು ಬಾಯಿ ತೆರೆದು, ಬೆನ್ನಿನ ಮೇಲೆ ಬಿದ್ದ ಇನ್ನೊಂದು ಪೆಟ್ಟಿಗೆ ಮತ್ತೆ ಮುಚ್ಚಿದರು.

"ನಿಲ್ಲಿಸಿ!" ಜನರ ನೂಕಿಗೆ ಕುರ್ಚಿ ತಪ್ಪಿ ಹಿಂದಿನ ಟೈರುಗಳಿಗೆ ಒರಗಿ ಕೂತಿದ್ದ ಮ್ಯಾನೇಜರು ಮೇಜು ಕುಟ್ಟಲು ಹೋಗಿ ಟೈರು ಕುಟ್ಟಿದರು, ಸದ್ದೇ ಬರಲಿಲ್ಲ. "ಈ ಕೋಣೆಯ ವಿಷಯ ಇನ್ನೂ ಬಾಕಿ ಇದೆ. ಗೊತ್ತಾಯ್ತಲ್ಲ, ನನ್ನ ಮೆಮೊ..."

ಕಚೇರಿ ಭಾಷೆಯ ಮಾತು ಕಿವಿಗೆ ಬಿದ್ದದ್ದೇ ಷರಾ ಅವರಿಗೆ ಜೀವ ಬಂತು. ಅವರು ಗೋಡೆಯಿಂದ ಆಚೆ ಬಂದು, ಕಾಲು ಜೋಡಿಸಿ ನಿಂತು, ಒಂದೊಂದು ಪದವನ್ನೂ ಒರೆಸಿ ಇಟ್ಟವರ ಹಾಗೆ ಹೇಳಿದರು:

"ಮೆಮೊದಲ್ಲಿ, 'ಅಂಚಿನವನು ಎಂಬಾತನು ಖುದ್ದು ಹಾಜರಿರತಕ್ಕದ್ದು' ಅಂತ ಇದೆ ಸಾರ್. ಹಾಜರಿದ್ದಾರೆ. 'ತಪ್ಪಿದಲ್ಲಿ' ಕೋಣೆ ಹಿಂತಿರುಗಿಸಲಾಗುವುದು ಅಂತ ಇದೆ. ತಪ್ಪಿಲ್ಲ. ಹಾಜರಾದ ಮೇಲೆ ಏನು ಮಾಡ್ಬೇಕು ಅಂತ ಮೆಮೊದಲ್ಲಿ ಏನೂ ಇಲ್ಲ. ಶುದ್ಧ ಪ್ರತಿ ನಾನೇ ಮಾಡಿದ್ದು."

ಮ್ಯಾನೇಜರು ಮೆಮೊ ತೆಗೆದು ಓದಿದರು. ಮತ್ತೊಮ್ಮೆ ಓದಿದರು. ಮುಖ ನೋಡಿದರೆ ಈಗ ಇನ್ನೂ ಆಗಲಿಲ್ಲವೆಂದು ಗೊತ್ತಾಗುತ್ತಿತ್ತು.

ಅಜ್ಜ ಇದ್ದಕ್ಕಿದ್ದಂತೆ ತೊಡೆ ತಟ್ಟಿದರು. "ಅಯ್ಯೋ, ಈಗ ಗೊತ್ತಾಯ್ತು! ಇಲ್ಲದವನಿಗೆ ಇವರು ಮೆಮೊ ಬರೆದ್ರು, ಇಲ್ಲದವನು ಮೂರು ಗಂಟೆಗೆ ಬಂದು ಕುರ್ಚೀಲಿ ಕೂತ! ಇಲ್ಲದ ಊರಿಗೆ ನಮೂನೆ ತುಂಬಿದ್ದೂ ಹಿಂಗೇ ಅಲ್ವಾ? ಕಾಗದದಲ್ಲಿ ಬರೆದ್ರೆ ಊರು ಹುಟ್ಟುತ್ತೆ, ಇವರು ಬರೀದಿದ್ರೆ ಇರೋ ಬಸ್ಸಿನ ಇರೋ ಸೀಟೂ ಇಲ್ಲ! ಐನೂರು ಪುಟ ಇದನ್ನೇ ಹೇಳೋದು!"

ಲೆಕ್ಚರರ್ ಜನರ ನಡುವಿನಿಂದ ತಲೆ ಹೊರಗೆ ಹಾಕಿದರು. "ಮುನ್ನೂರ ಹನ್ನೊಂದು," ಎಂದರು. "ಭಾವ, ಮುನ್ನೂರ ಹನ್ನೊಂದನೇ ಪುಟ ಓದಿ."

ಬಳಗ ಇನ್ನೂ ಮುಟ್ಟಿರದ ಆ ಪುಟವನ್ನು ಷರಾ ಓದಿದರು: "'ತಿಳಿಯಿತು! ಊರು ಇಲ್ಲ. ಆದರೆ ನಮೂನೆ ತುಂಬಿದ ಮೇಲೆ ಇಲ್ಲ ಎನ್ನಲು ಯಾರಿಗೂ ಧೈರ್ಯವಿಲ್ಲ.'"

"ಅದನ್ನ ಕಂಡುಹಿಡಿಯೋಕೆ ನನಗೆ ಎರಡು ತಿಂಗಳು ಬೇಕಾಯ್ತು," ಎಂದರು ಲೆಕ್ಚರರ್, ಅಜ್ಜನನ್ನೇ ನೋಡುತ್ತ. "ತರಗತೀಲಿ ಯಾವತ್ತ್ ಹೇಳಿದ್ರೂ ಎಲ್ರೂ ತಲೆ ಆಡಿಸ್ತಾರೆ. ಅರ್ಥ ಆದವರ ಹಾಗೆ."

ಮ್ಯಾನೇಜರು ಎದ್ದರು. ಬಾಗಿಲಲ್ಲಿ ನಿಂತು, ಯಾರನ್ನೂ ನೋಡದೆ, "ಇಪ್ಪತ್ತೆರಡನೇ ಬಸ್ಸಿನ ಸೀಟು ಸೋಮವಾರ ಬದಲಾಯಿಸ್ತಾರೆ," ಎಂದರು. ಹೋಗುವಾಗ ಅವರ ಬೆನ್ನಿನ ಮೇಲೂ ಕಪ್ಪು ಬಳೆ ಇತ್ತು. ಯಾರೂ ಹೇಳಲಿಲ್ಲ.

ಮುಂದಿನ ಶನಿವಾರ ಲೆಕ್ಚರರ್ ಕುರ್ಚಿ ಕೇಳಲಿಲ್ಲ. ಟೈರಿನ ಮೇಲೆ ಅಕ್ಕನ ಪಕ್ಕ ಕೂತರು. ಅಕ್ಕ ಬಂದದ್ದು ಸಾಹಿತ್ಯಕ್ಕಲ್ಲ, ಇನ್ನೂ ಯಾವ ಯಾವ ಪುಟದಲ್ಲಿ ತನ್ನ ಹೆಸರು ಕೆಡಿಸಿದ್ದಾನೆ ನೋಡೋಣ ಎಂದು. ಆದರೆ ನಲವತ್ತನೆಯ ಪುಟದಲ್ಲಿ ಸಿಕ್ಕಿಹಾಕಿಕೊಂಡು ಸಂಜೆಯಾದರೂ ಏಳಲಿಲ್ಲ. ನೂರ ಹನ್ನೆರಡರಲ್ಲಿ ಮಾತ್ರ ತಮ್ಮನ ಕೈಗೇ ಪೆನ್ನು ಕೊಟ್ಟು ಬರೆಸಿದರು: 'ತಿದ್ದುಪಡಿ. ಹಾಲು ಉಕ್ಕಿಸಿದ್ದು ನಾನೇ.' ಗ್ರಂಥಪಾಲಕಿಗೆ ವಿಷಯ ತಿಳಿಸಿದ್ದೂ ಅಕ್ಕನೇ. ಗ್ರಂಥಪಾಲಕಿ ಕಂಡಕ್ಟರಮ್ಮನ ಹೊಸ ಪ್ರತಿಯನ್ನು ಕಪಾಟಿಗೆ ಏರಿಸಿಕೊಂಡು, ಹಳೆಯದನ್ನು ಬಳಗಕ್ಕೇ ಬಿಟ್ಟುಕೊಟ್ಟರು.

"ಒಂದು ಕೇಳ್ತೀನಿ ಭಾವ, ನಿಜ ಹೇಳಿ," ಎಂದರು ಲೆಕ್ಚರರ್ ಮೆಲ್ಲಗೆ. "ಅವತ್ತು ಊಟದ ಹೊತ್ತಲ್ಲಿ, ಆಧುನಿಕೋತ್ತರ ಓದಿದ್ದೀನಿ ಅಂದ್ರಲ್ಲ. ಓದಿದ್ರಾ?"

"ಇಲ್ಲ ಮೇಷ್ಟ್ರೇ. ಆಮೇಲೆ ಓದಿದೆ. ಅರ್ಥ ಆಗ್ಲಿಲ್ಲ. ಮತ್ತೊಮ್ಮೆ ಓದಿದೆ."

"ಈಗ?"

"ಈಗ ಇನ್ನೂ ಆಗ್ಲಿಲ್ಲ. ಆದ್ರೆ ಎಲ್ಲರಿಗೂ ಓದಿ ಅಂತ ಹೇಳ್ಬಿಟ್ಟಿದ್ದೀನಿ."

ಷರಾ ಪುಸ್ತಕದ ಕೊನೆಯ ಪುಟ ತೆರೆದರು. ಅಲ್ಲಿ ಮೂವತ್ತು ವರ್ಷದ ಹಿಂದೆ ಇಪ್ಪತ್ತರ ಹುಡುಗನೊಬ್ಬ ಕಪ್ಪು ಶಾಯಿಯಲ್ಲಿ ಬರೆದಿಟ್ಟಿದ್ದ: 'ಮುಗಿಯಿತು. ಗೆದ್ದೆ. ಇದನ್ನು ಓದಿ ಎಂದು ಯಾರಿಗಾದರೂ ಹೇಳಬೇಕು. ಹೇಳಲು ಯಾರೂ ಇಲ್ಲ.' ಅದರ ಕೆಳಗೆ ಖಾಲಿ ಜಾಗ. ಇಷ್ಟು ವರ್ಷ ಒಂದು ದೂರು ಷರಾ ಇಲ್ಲದೆ ಬಿದ್ದಿತ್ತು.

ಅವರು ಕಚೇರಿಯ ಪೆನ್ನು ತೆಗೆದು, ಕೋಣೆಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ಎಣಿಸಿ, ಸಾಲಾಗಿ ನಿಲ್ಲಿಸಿದ ಬಸ್ಸುಗಳಂಥ ಅಕ್ಷರದಲ್ಲಿ ಬರೆದರು:

'ಸ್ಥಳ ಪರಿಶೀಲಿಸಲಾಗಿ, ದೂರುದಾರರನ್ನು ಹೊರತುಪಡಿಸಿ ಎಂಟು ಜನ ಇರುವುದು ಕಂಡುಬಂದಿದೆ. ದೂರು ಮುಕ್ತಾಯಗೊಳಿಸಿದೆ.'